ಕುಂಟುವ ಮೂರನೇ ಪಾದ

ದೇವರು ಮನುಷ್ಯರಿಗೆ ಮಾತು ಹಂಚುವಾಗ ಸ್ವಲ್ಪ ಕೈ ಬಿಗಿ ಹಿಡಿದಿರಬೇಕು. ಒಂದೊಂದು ವಸ್ತುವಿಗೂ ಒಂದೊಂದು ಪದ ಕೊಡುತ್ತ ಬಂದವನು, ಚೀಲದ ತಳ ಕಂಡಾಗ ‘ಹೊಂದಿಸಿಕೊಂಡು ಹೋಗಿ’ ಎಂದು ಒಂದೇ ಪದವನ್ನು ಇಬ್ಬಿಬ್ಬರ ಕೈಗೆ ಹಾಕಿ ಕಳಿಸಿಬಿಟ್ಟ. ಹಾಗೆ ಹೋದ ಪದಗಳಲ್ಲಿ ‘ಮಾತ್ರೆ’ಯೂ ಒಂದು. ಡಾಕ್ಟರು ಬರೆದುಕೊಡುವುದೂ ಮಾತ್ರೆ, ಹಾಡು ಕಟ್ಟುವವರು ಬೆರಳು ಮಡಚಿ ಲೆಕ್ಕ ಹಾಕುವುದೂ ಮಾತ್ರೆ. ಒಂದನ್ನು ನುಂಗಬೇಕು, ಇನ್ನೊಂದನ್ನು ಹಾಡಬೇಕು. ಎರಡೂ ಬಾಯಿಗೇ ತಾನೆ ಸೇರಿದ್ದು ಎಂದು ದೇವರು ಸಮಾಧಾನ ಮಾಡಿಕೊಂಡಿರಬಹುದು. ಆದರೆ ನಮ್ಮ ಟೀಚರಮ್ಮ ಜೈಲಿನ ಬಾಗಿಲವರೆಗೆ ಹೋಗಿಬರಬೇಕಾದದ್ದು ಈ ಹೊಂದಾಣಿಕೆಯಿಂದಲೇ.

ಟೀಚರಮ್ಮ ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತರಾದವರು. ಅವರ ಯಜಮಾನರು ಬಡಗಿ. ಯಾರದೋ ಮನೆಯ ತೊಲೆ ಕೂರಿಸುವಾಗ ಏಣಿ ಜಾರಿತು, ಬೆನ್ನುಮೂಳೆ ಮುರಿಯಿತು. ಮೂಳೆ ಹೇಗೋ ಕೂಡಿಕೊಂಡಿತು. ನೋವು ಮಾತ್ರ ‘ನಾನು ಇಲ್ಲೇ ಇರ್ತೀನಿ’ ಎಂದು ಚಾಪೆ ಹಾಸಿಕೊಂಡು ಕೂತಿತು. ಡಾಕ್ಟರು ಬರೆದುಕೊಟ್ಟ ಮಾತ್ರೆ ಅಂತಿಂಥದ್ದಲ್ಲ. “ಇದು ಅಫೀಮಿನ ನೆಂಟ, ಟೀಚರಮ್ಮ. ಹೊತ್ತಿಗೆ ಒಂದೇ. ಹೆಚ್ಚು ತಗೊಂಡ್ರೆ ಉಸಿರಿಗೇ ಸಂಚಕಾರ. ಬೇರೆಯವರ ಕೈಗೆ ಹೋದ್ರಂತೂ ಇನ್ನೂ ಕೆಟ್ಟದ್ದು,” ಎಂದು ಎಚ್ಚರಿಸಿದ್ದರು.

ಯಜಮಾನರು ಒಳ್ಳೆಯವರೇ. ಆದರೆ ನೋವು ಏರಿದಾಗ ಒಳ್ಳೆಯತನ ಸ್ವಲ್ಪ ಹೊತ್ತು ಹೊರಗೆ ಹೋಗುತ್ತದೆ. ಅದಕ್ಕೇ ಟೀಚರಮ್ಮ ಮಾತ್ರೆಯನ್ನು ಮನೆಯಲ್ಲಿ ಬಿಡುತ್ತಿರಲಿಲ್ಲ. ಹೋದಲ್ಲೆಲ್ಲ ಕೈಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದರು. ಮಾತ್ರೆಯ ಹಾಳೆ ಚರಪರ ಸದ್ದು ಮಾಡಿ ತಾನೆಲ್ಲಿದ್ದೇನೆಂದು ಯಜಮಾನರಿಗೆ ಚಾಡಿ ಹೇಳುತ್ತಿತ್ತು. ಹಾಗಾಗಿ ಮಾತ್ರೆಗಳನ್ನು ಬಿಡಿಸಿ, ಗಂಟಲು ಕೆರೆತಕ್ಕೆ ಚೀಪುವ ಮಿಠಾಯಿಯ ಹಳೇ ಡಬ್ಬಿಯಲ್ಲಿ ತುಂಬಿಟ್ಟರು. ಅದೇ ಅವರು ಮಾಡಿದ ತಪ್ಪು. ಹೆಸರು ಬರೆದ ಹಾಳೆಯಿಂದ ಬೇರೆಯಾದ ಮಾತ್ರೆ ಕಾನೂನಿನ ಕಣ್ಣಿಗೆ ಅಪ್ಪ ಅಮ್ಮ ಇಲ್ಲದ ಕೂಸು. ಅದು ಯಾರ ಸೊಂಟದ ಮೇಲಿದೆಯೋ ಅವರೇ ಕದ್ದವರು.

ಇನ್ನು ಹಾಡಿನ ಮಾತ್ರೆಯ ಕಥೆ. ಮಾರುಕಟ್ಟೆಯ ಹಿಂದೆ ಒಂದು ಪ್ರಾರ್ಥನಾ ಮಂದಿರ. ಮಧ್ಯಾಹ್ನ ಕೆಲಸ ಮುಗಿಸಿದ ಹೆಂಗಸರು ಅಲ್ಲಿ ಸೇರುತ್ತಿದ್ದರು. ಬಟ್ಟೆ ಹೊಲಿಯುವ ದರ್ಜಿಯಮ್ಮ, ಬೇಕರಿಯ ಅಕ್ಕ, ಇನ್ನೂ ನಾಲ್ಕಾರು ಜನ. ಮೊದಲು ಬೇರೆಯವರು ಬರೆದ ಪ್ರಾರ್ಥನೆ ಹಾಡುತ್ತಿದ್ದರು. ಒಂದು ದಿನ ದರ್ಜಿಯಮ್ಮ, “ಎಲ್ರಿಗೂ ಆಗೋ ಅಂಗಡಿ ಅಂಗಿ ಹಾಕ್ಕೊಂಡು ದೇವರ ಮುಂದೆ ಎಷ್ಟು ದಿನ ನಿಲ್ಲೋದು? ನಮ್ಮ ಅಳತೇದು ನಾವೇ ಹೊಲ್ಕೊಳ್ಳೋಣ” ಅಂದಳು. ಅಳತೆ ಹೇಳಿಕೊಡುವ ಕೆಲಸ ಟೀಚರಮ್ಮನ ಪಾಲಿಗೆ ಬಂತು. ಗಿಡ್ಡ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ಎಳೆದು ಹೇಳುವ ಅಕ್ಷರ ಗುರು, ಅದಕ್ಕೆ ಎರಡು. ಹಾಡಿನ ಒಂದೊಂದು ಸಾಲೂ ಒಂದೊಂದು ಪಾದ. ಮಾತ್ರೆ ಕಡಿಮೆ ಬಿದ್ದರೆ ಪಾದ ಕುಂಟುತ್ತದೆ. ಇಷ್ಟೇ ಪಾಠ. ಮನೆಗೆ ಹೋದ ಮೇಲೂ ಹೆಂಗಸರಿಗೆ ಅನುಮಾನ ಬರುತ್ತಿತ್ತು. ಕೈಯಲ್ಲಿ ಫೋನಿತ್ತು. ಹಿಟ್ಟಿನ ಕೈಯಲ್ಲಿ, ಸೂಜಿ ಹಿಡಿದ ಕೈಯಲ್ಲಿ ಸಂದೇಶ ಬರೆದು ಕಳಿಸುತ್ತಿದ್ದರು.

ಒಂದು ದಿನ ಬಸ್ ನಿಲ್ದಾಣದಲ್ಲಿ ಯಾರದೋ ಒಡವೆ ಕಳುವಾಯಿತೆಂದು ಪೊಲೀಸರು ಎಲ್ಲರ ಚೀಲ ಬಿಚ್ಚಿಸುತ್ತಿದ್ದರು. ಟೀಚರಮ್ಮನ ಚೀಲದಲ್ಲಿ ಒಡವೆ ಇರಲಿಲ್ಲ. ಡಬ್ಬಿ ಇತ್ತು.

“ಇದೇನಮ್ಮ?” ಎಂದ ಇನ್‌ಸ್ಪೆಕ್ಟರು. ದಪ್ಪ ಮೀಸೆ, ಮೆತ್ತಗಿನ ಮಾತು.

“ಮಾತ್ರೆ.”

“ಯಾರ್ದು?”

“ನಮ್ಮ ಯಜಮಾನ್ರದ್ದು.”

ಅಷ್ಟು ಹೊತ್ತಿಗೆ ಅವನ ಕೈಯಲ್ಲಿದ್ದ ಟೀಚರಮ್ಮನ ಫೋನು ಟಿಂಗ್ ಎಂದಿತು. ಬೇಕರಿಯ ಅಕ್ಕ ಬರೆದಿದ್ದಳು: ‘ಟೀಚರಮ್ಮ, ನಂಗೆ ನಾಲ್ಕು ಮಾತ್ರೆ ಕಮ್ಮಿ ಬಿದ್ದಿದೆ. ಎರಡು ಗುರು ಹಾಕಿದ್ರೆ ಸಾಕಾ?’

ಮೀಸೆ ನಿಧಾನವಾಗಿ ಮೇಲೆದ್ದಿತು.

ಠಾಣೆಯಲ್ಲಿ ಟೀಚರಮ್ಮನಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಆಮೇಲೆ ಇನ್‌ಸ್ಪೆಕ್ಟರು ಕೇಳಿದ: “ಈ ಗುರು ಯಾರಮ್ಮ?”

“ಗುರು ಮನುಷ್ಯ ಅಲ್ಲಪ್ಪ, ಅಕ್ಷರ. ಒಂದು ಗುರು ಎರಡು ಮಾತ್ರೆಗೆ ಸಮ.”

“ಅಂದ್ರೆ ಅವನಿಗೆ ಡಬಲ್ಲು.”

“ಲಘುವಿಗೆ ಒಂದೇ.”

“ಲಘು ಅವನ ಕೈಕೆಳಗಿನವನು. ಬರ್ಕೊಳಪ್ಪ,” ಎಂದು ಪಕ್ಕದ ಪೇದೆಗೆ ಹೇಳಿ, “ಗುರು ಸಾಮಾನ್ಯವಾಗಿ ಎಲ್ಲಿರ್ತಾನೆ?” ಎಂದ.

ಟೀಚರಮ್ಮ ಆಯುಸ್ಸೆಲ್ಲ ಮಕ್ಕಳಿಗೆ ಉತ್ತರ ಹೇಳಿದವರು. ಪ್ರಶ್ನೆ ಕೇಳಿದರೆ ಉತ್ತರ ತಾನಾಗಿ ಬರುತ್ತಿತ್ತು. “ದೀರ್ಘ ಇದ್ದಲ್ಲಿ ಇರ್ತಾನೆ. ಒತ್ತಕ್ಷರದ ಹಿಂದೆ ಇರ್ತಾನೆ.”

“ಅಡಗಿರ್ತಾನೆ ಅನ್ನಿ.”

“ಒಂದೊಂದು ಸಲ ಸಾಲಿನ ಕೊನೇಲೂ ಸಿಕ್ತಾನೆ.”

ಪೇದೆ ಪೆನ್ನು ನಿಲ್ಲಿಸಿ, ಮೆಲ್ಲಗೆ, “ಸಾರ್, ಇದು ಛಂದಸ್ಸು ಅಂತ ಶಾಲೇಲಿ...” ಎಂದ.

“ನಾನೂ ಓದಿದೀನಿ. ಪರೀಕ್ಷೆ ಮುಗಿದ ಮಾರನೇ ದಿನ ಮರೆತೆ,” ಎಂದ ಇನ್‌ಸ್ಪೆಕ್ಟರು. “ಆದ್ರೆ ಛಂದಸ್ಸನ್ನ ಡಬ್ಬೀಲಿ ತುಂಬ್ಕೊಂಡು ಯಾರೂ ಬಸ್ ಹತ್ತಲ್ಲ.”

ಹಾಗೆಂದು ಫೋನನ್ನು ಹತ್ತಿರಕ್ಕೆ ಎಳೆದುಕೊಂಡ.

ಫೋನು ಬಗೆದಷ್ಟೂ ಮಾತ್ರೆ ಸಿಕ್ಕಿತು. ‘ನಿನ್ನೇದು ಐದೈದು ಮಾತ್ರೆ, ಸರಿಯಾಗಿದೆ.’ ‘ಆರು ಹಾಕಬೇಡ, ಹೆಚ್ಚಾಗುತ್ತೆ.’ ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ದರ್ಜಿಯಮ್ಮನಿಗೆ ಹೋದ ಒಂದು ಸಂದೇಶ: ‘ನಿನ್ನ ಮೂರನೇ ಪಾದ ಕುಂಟುತ್ತಿದೆ. ಎರಡು ಮಾತ್ರೆ ಸೇರಿಸು, ನೆಟ್ಟಗಾಗುತ್ತೆ.’ ಮನುಷ್ಯನಿಗೆ ಇರುವುದು ಎರಡು ಪಾದ. ಮೂರನೆಯದು ಕುಂಟಬೇಕಾದರೆ ನಾಲ್ಕು ಇರಬೇಕು. ಇನ್‌ಸ್ಪೆಕ್ಟರು ಬಹಳ ಯೋಚಿಸಿ, ಇದು ಪಂದ್ಯದ ಕುದುರೆಗೆ ನೋವಿನ ಮಾತ್ರೆ ತಿನ್ನಿಸಿ ಓಡಿಸುವ ಜಾಲ ಎಂದು ಬರೆದ. ಗುರು ಎಂಬಾತ ತಲೆಮರೆಸಿಕೊಂಡಿದ್ದಾನೆ ಎಂದೂ ಬರೆದ.

ಹೀಗೆ ಟೀಚರಮ್ಮನ ಮೇಲೆ ಎರಡು ಆರೋಪ ಬಂದವು. ಡಾಕ್ಟರ ಚೀಟಿ ಇಲ್ಲದೆ ಅಫೀಮಿನ ಜಾತಿಯ ಮಾತ್ರೆ ಇಟ್ಟುಕೊಂಡದ್ದು ಒಂದು. ಗಂಡನ ಹೆಸರಲ್ಲಿ ತಂದು ಊರಿಗೆ ಹಂಚಿದ್ದು ಇನ್ನೊಂದು. ಜಾಮೀನು ಸಿಕ್ಕಿತು, ಆದರೆ ಒಂದು ಷರತ್ತಿನ ಮೇಲೆ: ಕೇಸು ಮುಗಿಯುವವರೆಗೆ ಅವರು ಆ ಮಾತ್ರೆಯನ್ನು ಕೈಯಿಂದ ಮುಟ್ಟುವಂತಿಲ್ಲ. ಆಸ್ಪತ್ರೆಯ ನರ್ಸಮ್ಮ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಯಜಮಾನರಿಗೆ ಮಾತ್ರೆ ಕೊಟ್ಟು ಹೋಗುತ್ತಿದ್ದಳು. ಅವಳಿಗೆ ಬಸ್ಸು ತಪ್ಪಿದ ದಿನ ಯಜಮಾನರು ಮಂಚದ ಪಟ್ಟಿ ಹಿಡಿದು, ಕಣ್ಣು ಮುಚ್ಚಿ, ತಾನೇ ಮಾಡಿದ ಆ ಮಂಚದ ಒಂದೊಂದು ಕೀಲಿನ ಹೆಸರು ಹೇಳುತ್ತ ಹೊತ್ತು ದೂಡುತ್ತಿದ್ದರು. ಪಕ್ಕದಲ್ಲಿ ಕೂತ ಟೀಚರಮ್ಮ ಬೆವರು ಒರೆಸಬಹುದಿತ್ತು, ನೀರು ಕುಡಿಸಬಹುದಿತ್ತು. ಅಷ್ಟೇ. ಜೈಲಿಗಿಂತ ಇದು ಅವರಿಗೆ ದೊಡ್ಡ ಶಿಕ್ಷೆಯಾಗಿತ್ತು. ಜೈಲಾದರೆ ಈ ಬೆವರನ್ನೂ ಯಾರೂ ಒರೆಸುವುದಿಲ್ಲವಲ್ಲ ಎಂಬ ಭಯ ಅದಕ್ಕಿಂತ ದೊಡ್ಡದು.

ಕೇಸು ಹಿಡಿದವಳು ತಂಗಿಯ ಮಗಳು. ಚುರುಕು ವಕೀಲೆ. ಶಾಲೆಯಲ್ಲಿ ಛಂದಸ್ಸಿನಲ್ಲಿ ಮಾತ್ರ ಸೊನ್ನೆ ತೆಗೆದವಳು, ಅದೂ ಸ್ವಂತ ದೊಡ್ಡಮ್ಮನ ಕೈಯಿಂದಲೇ. ವಿಚಾರಣೆಯ ಹಿಂದಿನ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪೊಲೀಸರು ಕೊಟ್ಟ ಸಂದೇಶಗಳ ಪ್ರತಿ ಹರಡಿಕೊಂಡು ಕೂತಳು.

“ಮೊದಲ್ನೇ ಆರೋಪದ ಚಿಂತೆ ಬಿಡಿ ದೊಡ್ಡಮ್ಮ. ಚೀಟಿ ಇದೆ, ಡಾಕ್ಟರು ಬಂದು ಹೇಳ್ತಾರೆ. ಮನೆಯವರ ಔಷಧಿ ಮನೆಯವರು ಹೊತ್ಕೊಂಡು ಹೋದ್ರೆ ಅಪರಾಧ ಅಲ್ಲ. ಡಬ್ಬಿಗೆ ಹಾಕಿದ್ದು ದಡ್ಡತನ, ಅಷ್ಟೇ. ಹಂಚಿದ್ದು ಅನ್ನೋದೇ ಗಂಟು. ಈ ಸಂದೇಶ ಎಲ್ಲಾ ಹಾಡಿನದೇ ತಾನೆ?”

“ಎಲ್ಲಾ ಹಾಡಿನದೇ,” ಎಂದರು ಟೀಚರಮ್ಮ. “ಒಂದು ಬಿಟ್ಟು.”

“ಯಾವ್ದು?”

ಟೀಚರಮ್ಮ ಬೆರಳಿಟ್ಟು ತೋರಿಸಿದರು. ದರ್ಜಿಯಮ್ಮ ಬರೆದದ್ದು: ‘ಟೀಚರಮ್ಮ, ಹಿಡ್ಕೊಂಡುಬಿಟ್ಟಿದೆ. ಎರಡು ಮಾತ್ರೆ ಕೊಡ್ತೀರಾ?’ ಅದರ ಕೆಳಗೆ ಟೀಚರಮ್ಮನ ಉತ್ತರ: ‘ಸಂಜೆ ಬಾ.’

“ಇದು ಅವಳ ಮಂಡಿ ನೋವಿಂದು. ನಿಜವಾದ ಮಾತ್ರೇನೇ ಕೇಳಿದ್ಲು.”

“ಕೊಟ್ರಾ?”

“ಛೇ! ಕೊಡ್ಲಿಲ್ಲ.”

“ಮತ್ತೆ ‘ಬಾ’ ಅಂದಿದ್ದೀರಲ್ಲ! ಹೋಗ್ಲಿ, ಅವರನ್ನೇ ಕರೆಸಿ ಹೇಳಿಸೋಣ.”

“ಬೇಡ ಕಣೇ. ಒಂಟಿ ಹೆಂಗಸು. ಕೇಳಿದ್ದೇ ತಪ್ಪು ಅಂತ ಅವಳನ್ನೂ ಕೂರಿಸಿಕೊಂಡ್ರೆ? ಆ ಪಾಪ ನಂಗೆ ಬೇಡ.”

ವಕೀಲೆ ಹಾಳೆಯನ್ನು ಮತ್ತೊಮ್ಮೆ ಓದಿದಳು. ಅವಳ ಮುಖ ಅರಳಿತು. “ದೊಡ್ಡಮ್ಮ, ಇಲ್ಲಿ ಮಂಡಿ ಅನ್ನೋ ಮಾತೇ ಇಲ್ಲ. ಹಿಡ್ಕೊಂಡಿರೋದು ಸಾಲು ಅಂತ ಯಾರು ಬೇಕಾದ್ರೂ ಅಂದ್ಕೋತಾರೆ. ನಾನು ಸುಳ್ಳು ಹೇಳಿ ಅಂತಿಲ್ಲ. ಸುಮ್ನಿರಿ ಅಂತಿದೀನಿ. ಗುಂಪಲ್ಲಿ ಗೋವಿಂದ.”

ಒಳಗಿನ ಕೋಣೆಯಿಂದ ಯಜಮಾನರ ದನಿ ಬಂತು. “ಅವಳ ಕೈಲಿ ಅದಾಗಲ್ಲ ಮಗಳೇ! ಹೆಣ್ಣು ನೋಡೋಕೆ ಹೋದಾಗ ನಾನು ಇಷ್ಟ ಆದ್ನಾ ಅಂತ ಕೇಳಿದ್ದಕ್ಕೆ, ‘ಹಲ್ಲು ಸ್ವಲ್ಪ ಉಬ್ಬು, ಬಾಕಿ ಪರವಾಗಿಲ್ಲ’ ಅಂದವಳು ಇವಳು!”

“ನೀವು ಮಲ್ಕೊಳ್ರೀ.”

“ಮಲಗೇ ಇದೀನಲ್ಲೇ, ಇನ್ನೆಷ್ಟು ಮಲ್ಕೊಳ್ಳಿ?”

ವಕೀಲೆಗೆ ನಗು ಬಂತು, ಆದರೆ ಹಾಳೆ ಬಿಡಲಿಲ್ಲ. “ನಾಳೆ ಯಾರೂ ಕೇಳದೇ ಇದ್ರೆ ನೀವಾಗಿ ಹೇಳಬಾರದು. ಅಷ್ಟಾದ್ರೂ ಮಾತು ಕೊಡಿ. ದೊಡ್ಡಪ್ಪನ ಮುಖ ನೋಡಿ ಕೊಡಿ.”

“ಯಾರೂ ಕೇಳದಿದ್ರೆ ಹೇಳಲ್ಲ,” ಎಂದರು ಟೀಚರಮ್ಮ. ಆಮೇಲೆ ದೇವರ ಮುಂದೆ ಕೂತವರು ಬಹಳ ಹೊತ್ತು ಏನನ್ನೂ ಬೇಡಲಿಲ್ಲ. ಯಾರೂ ಕೇಳದಿರಲಿ ಎಂದು ಬೇಡಿಕೊಳ್ಳಲು ನಾಚಿಕೆ. ಕೇಳಲಿ ಎಂದು ಬೇಡಿಕೊಳ್ಳಲು ಭಯ. ಸುಮ್ಮನೆ ಕಣ್ಣು ಮುಚ್ಚಿ, ಎದ್ದರು.

ನ್ಯಾಯಾಲಯದ ಕೋಣೆ ಚಿಕ್ಕದು. ಬಣ್ಣ ಹೋದ ಬೆಂಚು, ಗಿರಗಿರ ಸದ್ದಿಗೆ ಹೆಸರಾದ ಫ್ಯಾನು, ಮೂಲೆಯಲ್ಲಿ ಒಬ್ಬ ಬೆರಳಚ್ಚುಗಾರ. ಹಾಡಿನ ಹೆಂಗಸರೆಲ್ಲ ಹಿಂದಿನ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದರು. ದರ್ಜಿಯಮ್ಮ ಕಾಲು ನೀಡಿಕೊಂಡು ತುದಿಯಲ್ಲಿದ್ದಳು. ನ್ಯಾಯಾಧೀಶರು ವಯಸ್ಸಾದವರು, ಕನ್ನಡಕದ ಮೇಲಿಂದ ನೋಡುವವರು.

ಡಾಕ್ಟರು ಬಂದರು, ಚೀಟಿ ತಮ್ಮದೇ ಎಂದರು, ರೋಗಿಗೆ ಮಾತ್ರೆ ಬೇಕೇ ಬೇಕು ಎಂದರು, ಹೋದರು. ಮೊದಲನೆಯ ಆರೋಪ ಸದ್ದಿಲ್ಲದೆ ಇಳಿಯಿತು. ಆಮೇಲೆ ಇನ್‌ಸ್ಪೆಕ್ಟರು ಕಟಕಟೆಗೆ ಬಂದ. ವಕೀಲೆ ಎದ್ದಳು.

“ಗುರು ಸಿಕ್ಕಿದ್ನಾ ಸಾರ್?”

“ಹುಡುಕ್ತಾ ಇದೀವಿ.”

“ಕುದುರೆ?”

ಇನ್‌ಸ್ಪೆಕ್ಟರು ಮೀಸೆ ಮುಟ್ಟಿಕೊಂಡ. “ಸುತ್ತಮುತ್ತ ಎಲ್ಲಾ ಲಾಯ ನೋಡಿದ್ವಿ. ಕುಂಟೋ ಕುದುರೆ ಯಾವುದೂ ಸಿಗಲಿಲ್ಲ.”

ಹಿಂದಿನ ಬೆಂಚು ಸೆರಗು ಕಚ್ಚಿಕೊಂಡಿತು. ಸರ್ಕಾರಿ ವಕೀಲರಿಗೆ ರೇಗಿತು. “ಕುದುರೆ ಮಾತು ಬಿಡೋಣ ಸ್ವಾಮಿ. ಈ ಸಂದೇಶ ಹೋಗಿರೋದು ದರ್ಜಿ ಕೆಲಸದ ಹೆಂಗಸಿಗೆ. ಅಲ್ಲೇ ಕೂತಿದ್ದಾರೆ, ನೋಡಿ. ಕೈಲಿ ಊರುಗೋಲಿದೆ. ಎರಡು ಕಾಲು, ಒಂದು ಕೋಲು. ಮೂರನೇ ಪಾದ! ಇದು ಗುಟ್ಟಿನ ಭಾಷೆ.”

ದರ್ಜಿಯಮ್ಮ ತಡೆಯಲಾರದೆ, “ಕೋಲು ಕುಂಟಲ್ಲ ಸಾಹೇಬ್ರೆ, ನಾನು ಕುಂಟೋದು!” ಎಂದಳು. ಕೋರ್ಟು ನಕ್ಕಿತು. ನ್ಯಾಯಾಧೀಶರು ಮೇಜು ಕುಟ್ಟಿದರು, ಆದರೆ ಅವರ ಕನ್ನಡಕವೂ ಸ್ವಲ್ಪ ಅಲುಗಾಡಿತು.

“ಸ್ವಾಮಿ,” ಎಂದಳು ವಕೀಲೆ, “ಮೂರನೇ ಪಾದ ಅಂದ್ರೆ ಹಾಡಿನ ಮೂರನೇ ಸಾಲು. ಮಾತಲ್ಲಿ ಹೇಳಿದ್ರೆ ಕಟ್ಟುಕಥೆ ಅಂತಾರೆ. ಹಾಡಿಸಿ ನೋಡಬಹುದಾ?”

ನ್ಯಾಯಾಧೀಶರು, “ಚಪ್ಪಾಳೆ ಜೋರಾಗಿ ಬೇಡ” ಎಂದರು.

ಹೆಂಗಸರು ಎದ್ದು ನಿಂತರು. ಹಾಡು ದರ್ಜಿಯಮ್ಮನದೇ. ಪ್ರಾಸ ಕೂಡಿರಲಿಲ್ಲ, ಹೊಲಿಗೆ ಕಲಿಯುವವರ ಮೊದಲ ಅಂಗಿಗೆ ಜೇಬು ಕೇಳಬಾರದೆಂದು ಟೀಚರಮ್ಮ ಅದನ್ನು ಬಿಟ್ಟುಕೊಟ್ಟಿದ್ದರು. ಮೊದಲು ಆಕೆ ಬರೆದಂತೆಯೇ ಹಾಡಿದರು.

ಬೆಳಕ ಕೊಡು ದೇವನೇ
ಮನದ ಕದ ತೆರೆಸು ನೀ
ನೋವಿರಲಿ ನಗಲಿ

ಅಲ್ಲಿಗೆ ಎಲ್ಲರ ಕೈ ಗಾಳಿಯಲ್ಲಿ ನಿಂತಿತು. ಚಪ್ಪಾಳೆ ಬೀಳಬೇಕಾದ ಜಾಗದಲ್ಲಿ ಅಕ್ಷರವೇ ಇರಲಿಲ್ಲ. ಮೆಟ್ಟಿಲಿದೆ ಎಂದು ಕಾಲಿಟ್ಟಾಗ ಮೆಟ್ಟಿಲು ಇಲ್ಲದಿದ್ದರೆ ಹೇಗೋ ಹಾಗೆ ಕೋಣೆಯೇ ಮುಗ್ಗರಿಸಿತು. ನ್ಯಾಯಾಧೀಶರು ತಮಗೆ ಅರಿವಿಲ್ಲದೆ ಮೇಜಿನ ಮೇಲೆ ತಾಳ ಹಾಕುತ್ತಿದ್ದರು. ಅವರ ಬೆರಳೂ ಅರ್ಧದಲ್ಲಿ ನಿಂತಿತು.

“ಈಗ ಎರಡು ಮಾತ್ರೆ ಸೇರಿಸಿ,” ಎಂದರು ಟೀಚರಮ್ಮ. ಥೇಟು ತರಗತಿಯ ದನಿ.

ಬೆಳಕ ಕೊಡು ದೇವನೇ
ಮನದ ಕದ ತೆರೆಸು ನೀ
ನೋವಿರಲಿ ನಗುತಿರಲಿ
ನಿನ್ನ ಬಲ ಸಾಕೆನಗೆ

‘ನಗಲಿ’ ಹೋಗಿ ‘ನಗುತಿರಲಿ’ ಆದದ್ದೇ ತಡ, ಪಾದ ನೆಟ್ಟಗಾಯಿತು. ಚಪ್ಪಾಳೆ ತನ್ನ ಜಾಗದಲ್ಲಿ ತಾನು ಬಿತ್ತು. ನಾಲ್ಕನೇ ಸಾಲಿಗೆ ಬಾಗಿಲ ಬಳಿಯ ಪೇದೆ, ಅದೇ ಠಾಣೆಯಲ್ಲಿ ಪೆನ್ನು ನಿಲ್ಲಿಸಿದವನು, ದನಿ ಸೇರಿಸಿಯೇಬಿಟ್ಟ. ಇನ್‌ಸ್ಪೆಕ್ಟರು ತಿರುಗಿ ನೋಡಿದ ಮೇಲೆ ಕೆಮ್ಮಿದ.

ನ್ಯಾಯಾಧೀಶರು ಸಂದೇಶಗಳ ಹಾಳೆ ಮಡಚಿ, ಸಮಾಧಾನದ ಮುಖದಿಂದ ಟೀಚರಮ್ಮನ ಕಡೆ ತಿರುಗಿದರು. “ಹಾಗಾದ್ರೆ ಇದರಲ್ಲಿ ಬಂದಿರೋ ಮಾತ್ರೆ ಎಲ್ಲಾ ಹಾಡಿನದೇ. ಅಲ್ವೇನಮ್ಮ?”

ವಕೀಲೆ ತಟ್ಟನೆ ದೊಡ್ಡಮ್ಮನ ಕಡೆ ತಿರುಗಿದಳು. ‘ಹೌದು’ ಎಂಬುದರಲ್ಲಿ ಇರುವುದು ಮೂರೇ ಮಾತ್ರೆ. ಅದನ್ನು ಅಂದುಬಿಟ್ಟರೆ ಊಟದ ಹೊತ್ತಿಗೆ ಮನೆ. ಸತ್ಯ ಹೇಳಲು ಧೈರ್ಯ ಬೇಕೆಂದು ಹಿರಿಯರು ಹೇಳುತ್ತಾರೆ. ಟೀಚರಮ್ಮನಿಗೆ ಅಷ್ಟೇನೂ ಧೈರ್ಯವಿರಲಿಲ್ಲ. ಆದರೆ ಅಭ್ಯಾಸವಿತ್ತು. ಕೇಳಿದ ಪ್ರಶ್ನೆಗೆ ಸರಿಯುತ್ತರ ಬಂದುಬಿಟ್ಟಿತು.

“ಒಂದು ಅಲ್ಲ ಸ್ವಾಮಿ.”

ಸರ್ಕಾರಿ ವಕೀಲರು ಸ್ಪ್ರಿಂಗಿನ ಹಾಗೆ ಎದ್ದರು. ಯಾವುದು ಎಂದು ಕೇಳಿದರು; ಟೀಚರಮ್ಮ ತೋರಿಸಿದರು. “ಎರಡು ಮಾತ್ರೆ ಕೊಡ್ತೀರಾ ಅಂತ ಕೇಳಿದ್ದಾರೆ. ನೀವು ‘ಸಂಜೆ ಬಾ’ ಅಂದಿದ್ದೀರಿ. ಕೊಡೋದಿಲ್ಲ ಅನ್ನೋರು ಬಾ ಅಂತಾರಾ? ಇಲ್ಲ ಅಂತ ಬರೆದು ಮುಗಿಸ್ತಾರೆ.”

“ನೋವಲ್ಲಿ ಇರೋರಿಗೆ ಫೋನಲ್ಲಿ ಇಲ್ಲ ಅನ್ನಬಾರ್ದಪ್ಪ,” ಎಂದರು ಟೀಚರಮ್ಮ. “ಎದುರಿಗೆ ಕೂರಿಸ್ಕೊಂಡು, ಮುಖ ನೋಡಿ, ಯಾಕೆ ಇಲ್ಲ ಅಂತ ಹೇಳಬೇಕು. ಮನೇಲಿ ನೋವು ಸಾಕಿದೀನಿ, ನಂಗೆ ಗೊತ್ತು. ಅದಕ್ಕೇ ಬಾ ಅಂದೆ.”

“ಕೊಡಲಿಲ್ಲ ಅನ್ನೋಕೆ ಸಾಕ್ಷಿ ಯಾರು?”

“ದೇವರಿದ್ದಾನೆ.”

“ದೇವರಿಗೆ ಸಮನ್ಸ್ ಕಳಿಸೋಕೆ ಆಗಲ್ಲ ತಾಯಿ. ವಿಳಾಸ ಇಲ್ಲ.”

“ನಂಗಿದೆ ವಿಳಾಸ!” ಹಿಂದಿನ ಬೆಂಚಿನ ತುದಿಯಿಂದ ದರ್ಜಿಯಮ್ಮ ಏಳತೊಡಗಿದಳು. ಬೇಕರಿಯ ಅಕ್ಕ ಸೆರಗು ಹಿಡಿದು ಎಳೆದಳು, “ಕೂತ್ಕೊಳೇ, ನಿನ್ನೂ ಒಳಗೆ ಹಾಕ್ತಾರೆ!” ಎಂದಳು. ಟೀಚರಮ್ಮ ಬೇಡ ಬೇಡ ಎಂದು ಕೈ ಅಲ್ಲಾಡಿಸಿದರು. ದರ್ಜಿಯಮ್ಮ ಸೆರಗು ಬಿಡಿಸಿಕೊಂಡು, ಕೋಲೂರಿಕೊಂಡು ಮುಂದೆ ಬಂದಳು. ಸರ್ಕಾರಿ ವಕೀಲರು ಆಕ್ಷೇಪಿಸಿದರು. ಆ ಸಂದೇಶ ಬರೆದವಳೇ ಬಂದಿರುವಾಗ ಕೇಳದೆ ಇರುವುದು ಹೇಗೆ ಎಂದು ನ್ಯಾಯಾಧೀಶರು ಪ್ರಮಾಣ ಮಾಡಿಸಿದರು.

“ಕೇಳಿದ್ದು ಹೌದು ಸ್ವಾಮಿ. ತಪ್ಪು ನಂದೇ. ಅವರ ಯಜಮಾನ್ರಿಗೆ ಆ ಮಾತ್ರೆ ತಗೊಂಡ್ರೆ ನೋವು ಇಳಿಯೋದು ನೋಡಿದ್ದೆ, ಆಸೆ ಆಯ್ತು. ಸಂಜೆ ಹೋಗಿ ಕಾಲಿಗೆ ಬಿದ್ದು ಕೇಳಿದೆ. ಬೀಳೋಕೆ ಮಂಡಿ ಬಗ್ಗಲಿಲ್ಲ, ಅದು ಬೇರೆ ಮಾತು. ಇವರು ಕೊಟ್ರಾ? ಬಿಸಿನೀರಿನ ಚೀಲ ಕೊಟ್ರು. ‘ಒಬ್ಬರಿಗೆ ಬರೆದ ಮಾತ್ರೆ ಇನ್ನೊಬ್ಬರಿಗೆ ಮದ್ದಲ್ಲ, ಉಸಿರು ನಿಲ್ಸುತ್ತೆ’ ಅಂತ ಬೈದ್ರು. ಆ ಬೈಗುಳಕ್ಕೇ ಅರ್ಧ ನೋವು ನಾಚಿಕೊಂಡು ಇಳೀತು. ಮಾರನೇ ದಿನ ಆಸ್ಪತ್ರೆಗೆ ಎಳಕೊಂಡು ಹೋದ್ರು.”

“ನೀವು ಅವರ ಗೆಳತಿ. ಅವರ ಪರವಾಗೇ ಹೇಳ್ತೀರಿ,” ಎಂದರು ಸರ್ಕಾರಿ ವಕೀಲರು.

“ಗೆಳತಿಯಾ? ಆವತ್ತು ನಂಗೆ ಎಂಥಾ ಸಿಟ್ಟು ಬಂದಿತ್ತು ಗೊತ್ತಾ? ಮಾತು ಬಿಟ್ಟಿದ್ದೆ. ಹಾಡಿಗೂ ಹೋಗ್ತಿರಲಿಲ್ಲ. ಇವರ ರವಿಕೆಗೆ ಬೇಕಂತಲೇ ಬಿಗಿಯಾಗಿ ತೋಳು ಇಟ್ಟಿದ್ದೆ!”

“ಹೌದಾ, ಅದು ಬೇಕಂತಲೇನಾ!” ಎಂದರು ಟೀಚರಮ್ಮ ಕಟಕಟೆಯಿಂದಲೇ.

“ಮತ್ತೇನು! ನನ್ನ ಕತ್ತರಿ ತಪ್ಪುತ್ತಾ?”

ಆಗ ಇನ್‌ಸ್ಪೆಕ್ಟರು ಎದ್ದು ನಿಂತ. ಸುಮ್ಮನಿದ್ದರೆ ಅವನಿಗೇ ಒಳ್ಳೆಯದಿತ್ತು. ಆದರೆ ನಿಂತ. “ಸ್ವಾಮಿ, ಅದು ನಿಜ ಇರಬೇಕು. ಮಾರನೇ ವಾರದ್ದು ಒಂದು ಸಂದೇಶ ಇದೆ. ‘ದರ್ಜಿ ಯಾಕೆ ಬರ್ತಿಲ್ಲ’ ಅಂತ ಬೇಕರಿಯವರು ಕೇಳಿದ್ದಾರೆ. ‘ಕೇಳಿದ್ದು ಕೊಡ್ಲಿಲ್ಲ ಅಂತ ಮುನಿಸು, ತಾನೇ ಬರ್ತಾಳೆ’ ಅಂತ ಈ ಅಮ್ಮ ಬರೆದಿದ್ದಾರೆ.”

“ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ನಾವು ಅದನ್ನ... ಗ್ಯಾಂಗಿನ ಒಳಜಗಳ ಅಂತ ಬರ್ಕೊಂಡಿದ್ವಿ ಸ್ವಾಮಿ.”

ಈ ಸಲ ನ್ಯಾಯಾಧೀಶರು ಮೇಜು ಕುಟ್ಟಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ನಗು ತೀರಿದ ಮೇಲೆ ಸರ್ಕಾರಿ ವಕೀಲರನ್ನು, ಇನ್ನೇನಾದರೂ ಇದೆಯೇ ಎಂದು ಕೇಳಿದರು. ಅವರೂ ಮನುಷ್ಯರೇ. “ಇಲ್ಲ ಸ್ವಾಮಿ. ಎಲ್ಲಕ್ಕೂ ಹೌದು ಅಂದಿದ್ರೆ ನಾನು ನಂಬ್ತಿರಲಿಲ್ಲ. ಒಂದಕ್ಕೆ ಅಲ್ಲ ಅಂದ್ರು ನೋಡಿ, ಈಗ ಬಾಕಿಯದ್ದನ್ನೂ ನಂಬಬೇಕಾಗಿದೆ,” ಎಂದು ಕೂತರು.

ನ್ಯಾಯಾಧೀಶರು ತೀರ್ಪು ಹೇಳುತ್ತ ಹೋದರು. ಬೆರಳಚ್ಚುಗಾರ ಕುಟ್ಟುತ್ತ ಹೋದ. ನಡುವೆ ತಲೆ ಎತ್ತಿ, “ಇಲ್ಲಿ ಯಾವ ಮಾತ್ರೆ ಸ್ವಾಮಿ?” ಎಂದ. ಅವರು ಸ್ವಲ್ಪ ಯೋಚಿಸಿ ಹೀಗೆ ಬರೆ ಎಂದರು: “ನುಂಗುವ ಮಾತ್ರೆಗಳನ್ನು ರೋಗಿಗೆ ಕೊಡುವ ಹಕ್ಕು ಎಂದಿನಂತೆ ಆತನ ಪತ್ನಿಗೆ ಇರತಕ್ಕದ್ದು, ಹೆಸರಿರುವ ಹಾಳೆಯಲ್ಲೇ ಇಟ್ಟುಕೊಳ್ಳತಕ್ಕದ್ದು. ಹಾಡುವ ಮಾತ್ರೆಗಳ ಮೇಲೆ ಈ ನ್ಯಾಯಾಲಯಕ್ಕೆ ಅಧಿಕಾರವಿಲ್ಲ. ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ.”

ಹೊರಗೆ ಮೆಟ್ಟಿಲ ಮೇಲೆ ವಕೀಲೆ ದೊಡ್ಡಮ್ಮನನ್ನು ತಬ್ಬಿಕೊಂಡು, ಅರ್ಧ ಅತ್ತು, ಅರ್ಧ ಬೈದಳು. “ಮಾತು ಕೊಟ್ಟಿದ್ರಿ!”

“ಯಾರೂ ಕೇಳದಿದ್ರೆ ಹೇಳಲ್ಲ ಅಂದಿದ್ದೆ. ಅವರು ಕೇಳಿದ್ರಲ್ಲೇ.”

“ನಿಮ್ಮಂಥ ಕಕ್ಷಿದಾರರು ಇನ್ನಿಬ್ಬರು ಸಿಕ್ಕಿದ್ರೆ ನಾನು ವಕೀಲಿಕೆ ಬಿಟ್ಟು ಬೇಕರಿ ಸೇರ್ತೀನಿ.”

“ಬಾ ಬಾ,” ಎಂದಳು ಬೇಕರಿಯ ಅಕ್ಕ, “ಹಿಟ್ಟು ನಾದೋಕೆ ಜನ ಸಾಲದು.”

ಸಂಜೆ ನರ್ಸಮ್ಮ ಬಂದಾಗ ಬಾಗಿಲಲ್ಲೇ ಸುದ್ದಿ ತಿಳಿಯಿತು. ಅವಳು ಚೀಲದಿಂದ ಮಾತ್ರೆಯ ಹಾಳೆ ತೆಗೆದು ಟೀಚರಮ್ಮನ ಕೈಯಲ್ಲಿಟ್ಟಳು. “ತಗೊಳಿ. ಇನ್ನು ನಿಮ್ಮ ಕೆಲಸ. ನಂಗೂ ಬಸ್ಸಿನ ಹಿಂದೆ ಓಡೋದು ತಪ್ತು.”

ಟೀಚರಮ್ಮ ಕೈ ತೊಳೆದುಕೊಂಡು ಬಂದರು. ಹಾಳೆ ಚರಪರ ಎಂದಿತು. ಮಂಚದ ಮೇಲೆ ಯಜಮಾನರು ಆ ಸದ್ದಿಗೆ ಕಣ್ಣು ತೆರೆದು, ಹೆಂಡತಿಯ ಬೆರಳುಗಳನ್ನು ನೋಡಿದರು. ನೋವು ಆಗಲೇ ಹಣೆಗೆ ಹತ್ತಿತ್ತು, ತುಟಿ ಬಿಗಿದಿತ್ತು. ಟೀಚರಮ್ಮ ಅವರ ತಲೆಯನ್ನು ತೋಳಿನ ಮೇಲೆ ತೆಗೆದುಕೊಂಡು ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ನೀರು ಕುಡಿಸಿದರು.

“ನೀರು ಜಾಸ್ತಿ ಆಯ್ತು ಕಣೇ,” ಎಂದರು ಯಜಮಾನರು, ಗಲ್ಲದಿಂದ ಇಳಿದದ್ದನ್ನು ಒರೆಸಿಕೊಳ್ಳುತ್ತ. “ನರ್ಸಮ್ಮ ಚೆನ್ನಾಗಿ ಕುಡಿಸ್ತಿದ್ಲು.”

“ಹಾಗಾದ್ರೆ ವಾಪಸ್ ಕರೀಲಾ?”

“ಬೇಡ,” ಎಂದು ಯಜಮಾನರು ಹೆಂಡತಿಯ ಮಣಿಕಟ್ಟನ್ನು ಹಿಡಿದುಕೊಂಡರು. ಮಾತ್ರೆ ತನ್ನ ಕೆಲಸ ಮಾಡಲು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು. ಅಷ್ಟು ಹೊತ್ತೂ ಟೀಚರಮ್ಮ ಅಲ್ಲೇ ಮಂಚದ ಅಂಚಿನಲ್ಲಿ ಕೂತಿದ್ದರು. ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾಗಿ, ಉಸಿರು ಸಮವಾಗಿ, ಮಣಿಕಟ್ಟಿನ ಹಿಡಿತ ನಿದ್ದೆಗೆ ಜಾರುವವರೆಗೆ.